ನಡುಕ ಸೋಸಿದ ಡಾಕ್ಟರು

ನಮ್ಮ ಬೀದಿಯಲ್ಲಿ ಡಾಕ್ಟರ ಬಲಗೈಯನ್ನು ಕಂಡವರು ಕಡಿಮೆ. ಅದರ ವಾಸ ಸದಾ ಕೋಟಿನ ಜೇಬಿನೊಳಗೆ. ಎದುರಾದವರಿಗೆ ಕತ್ತು ಬಾಗಿಸಿಯೇ ವಂದನೆ, ತರಕಾರಿಯ ಚೀಲ ಎಡಗೈಯಲ್ಲಿ, ಕೊಡೆಯೂ ಎಡಗೈಯಲ್ಲಿ. ಮಳೆಯೂ ತರಕಾರಿಯೂ ಒಟ್ಟಿಗೆ ಒದಗಿದ ದಿನ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ತೊಯ್ದು ತೊಪ್ಪೆಯಾಗಿ ಮನೆ ಸೇರುವರೇ ಹೊರತು ಬಲಗೈಯನ್ನು ಮಾತ್ರ ಹೊರತೆಗೆಯರು. ಕೋಟು ಚಿಕಿತ್ಸಾಲಯದ ಕಾಲದ್ದು; ಒಂದಾನೊಂದು ಕಾಲದಲ್ಲಿ ಬೆಳ್ಳಗಿದ್ದಿರಬೇಕು. ಅದರ ಬಲಜೇಬನ್ನು ಅವರ ಪತ್ನಿ ಬಿಚ್ಚಿ ಇನ್ನಷ್ಟು ಆಳವಾಗಿ ಹೊಲಿದುಕೊಟ್ಟಿದ್ದಾರೆ. ಆ ಜೇಬಿನ ಭಾರಕ್ಕೋ ಎಂಬಂತೆ ಅವರ ಬಲಭುಜ ತುಸು ಇಳಿದಿದೆ, ತುಂಬಿದ ಬಕೆಟ್ಟು ಹಿಡಿದವರಂತೆ ಒಂದೇ ಮಗ್ಗುಲಿಗೆ ವಾಲಿ ನಡೆಯುತ್ತಾರೆ.

ಅವರು ದಂತವೈದ್ಯರು. ನನ್ನ ದವಡೆಯ ಹಲ್ಲೊಂದು ಇಂದಿಗೂ ಅವರ ಕೈಗುಣದಿಂದಲೇ ನೆಟ್ಟಗೆ ನಿಂತಿದೆ. ಸೂಜಿ ಚುಚ್ಚುವ ಮುನ್ನ ‘ಸ್ವಲ್ಪ ಚುರುಕ್ ಅನ್ನತ್ತೆ, ಅಷ್ಟೆ’ ಎನ್ನುವುದು ಅವರ ವಾಡಿಕೆ. ಆ ಮಾತು ನಾಲಿಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ ಬಿಸಿ ಕಾಫಿಯ ಲೋಟ ನೀಡುವಾಗಲೂ, ಸಾವಿನ ಸುದ್ದಿ ತಿಳಿಸುವಾಗಲೂ ಅದೇ ಪೀಠಿಕೆ. ಕೈ ನಡುಗಲಾರಂಭಿಸಿದಾಗ ಯಾರೂ ದೂರಲಿಲ್ಲ, ಹಲವರು ಗಮನಿಸಿರಲೂ ಇಲ್ಲ. ಒಂದು ಬೆಳಿಗ್ಗೆ ಬಾಯಿ ತೆರೆದು ಮಲಗಿದ್ದ ರೋಗಿಯೊಬ್ಬರ ಮುಂದೆ ಅವರು ಸಲಕರಣೆಯನ್ನು ಮೆಲ್ಲನೆ ತಟ್ಟೆಯಲ್ಲಿಟ್ಟು, ‘ನೀವು ಬೇರೆಯವರ ಹತ್ರ ತೋರಿಸ್ಕೊಳ್ಳಿ’ ಎಂದರು. ಅಂದೇ ಬಾಗಿಲು ಹಾಕಿದರು. ಆ ವಿಷಯದಲ್ಲಿ ಅವರಿಗೆ ಎರಡನೆಯ ಯೋಚನೆ ಇರಲಿಲ್ಲ.

ಅವರ ಹಂಬಲವೆಲ್ಲ ಇದ್ದದ್ದು ಬೇರೆ ಕಡೆ. ಕೈ ಚೆನ್ನಾಗಿದ್ದ ವರ್ಷಗಳಲ್ಲಿ ಪ್ರತಿ ಭಾನುವಾರ, ಮುಚ್ಚಿಹೋದ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಅವರು ತಾವೇ ಕಟ್ಟಿದ ಡ್ರೋನ್ ಹಾರಿಸುತ್ತಿದ್ದರು. ಅದಕ್ಕೆ ಕ್ಯಾಮೆರಾ ಇರಲಿಲ್ಲ. ಅದರಿಂದ ಏನು ಪ್ರಯೋಜನ ಎಂದು ಕೇಳಿದರೆ ಮುಗುಳ್ನಗೆಯೇ ಉತ್ತರ. ಎರಡು ದೀಪದ ಕಂಬಗಳ ನಡುವೆ ಅದು ಎಂಟರ ಅಂಕಿಯನ್ನು ಬರೆಯುತ್ತ ಸುತ್ತುವುದು, ಕಂಬದ ಹತ್ತಿರ ಬಂದಾಗ ರಿಮೋಟಿನ ಕೋಲಿಗೆ ಹೆಬ್ಬೆರಳು ಕೊಡುವ ಪುಟ್ಟಪುಟ್ಟ ಮೊಟಕುಗಳಿಗೆ ಪುಟಿದು ಓರೆಯಾಗಿ ನುಣುಚುವುದು, ಕೊನೆಗೆ ಬೋರಲು ಹಾಕಿದ ಬಕೆಟ್ಟಿನ ತಳದ ಮೇಲೆ ಸದ್ದಿಲ್ಲದೆ ಇಳಿಯುವುದು, ಇವುಗಳನ್ನು ನೋಡಲೆಂದೇ ವಾಯುವಿಹಾರಿಗಳು ನಿಲ್ಲುತ್ತಿದ್ದರು. ಆ ವಿದ್ಯೆಯಲ್ಲಿ ಡಾಕ್ಟರದು ಎತ್ತಿದ ಕೈ.

ನಡುಕ ಬಂದ ಮೇಲೆ ಡ್ರೋನಿಗೂ ಚಳಿಜ್ವರ ಬಂದಿತು. ಕೋಲಿನ ಮೇಲೆ ಬೆರಳು ಅದುರಿದಷ್ಟೂ ಆಕಾಶದಲ್ಲಿ ಡ್ರೋನು ಅದುರಿತು. ಎರಡು ಸಲ ಕಂಬಕ್ಕೆ ಬಡಿದು ಬಿದ್ದಿತು. ಡಾಕ್ಟರು ರಿಮೋಟನ್ನು ಹೆಂಡತಿಯ ತಮ್ಮನಿಗೆ ಒಪ್ಪಿಸಿದರು. ಈತ ಡ್ರೈವಿಂಗ್ ಸ್ಕೂಲು ನಡೆಸುವ ಮನುಷ್ಯ, ಭಾವನ ಮೇಲೆ ಪ್ರಾಣ. ಆದರೆ ಹಾರಿಸುವುದೂ ಗೇರು ಬದಲಿಸಿದ ಹಾಗೆಯೇ, ಎಳೆದೆಳೆದು. ಅವನು ಹಾರಿಸುವಾಗ ಡಾಕ್ಟರು ಪಕ್ಕದಲ್ಲಿ ಸುಮ್ಮನೆ ನಿಲ್ಲುತ್ತಿದ್ದರು. ಹತ್ತಿರದಿಂದ ನೋಡಿದವರಿಗೆ ಮಾತ್ರ ಕೋಟಿನ ಜೇಬಿನ ಬಟ್ಟೆ ಒಳಗಿನಿಂದ ಮಿಸುಕುವುದು ಕಾಣುತ್ತಿತ್ತು. ಒಳಗೆ ಹೆಬ್ಬೆರಳು ಇಡೀ ಹಾರಾಟವನ್ನು ತಾನೇ ನಡೆಸುತ್ತಿತ್ತು, ತಿರುವಿನಲ್ಲಿ ಮೊಟಕುತ್ತಿತ್ತು, ಇಳಿಯುವಾಗ ನಿಧಾನಿಸುತ್ತಿತ್ತು. ನನಗೆ ಅದನ್ನು ನೋಡಲಾಗದೆ ಆಕಾಶದ ಕಡೆ ಮುಖ ತಿರುಗಿಸಿಕೊಂಡದ್ದುಂಟು.

ಮನೆಯ ಮುಂದಿನ ಕೋಣೆಯಲ್ಲಿ ಚಿಕಿತ್ಸಾಲಯದ ಕುರ್ಚಿ, ಬಾಗುವ ದೀಪ, ಹಿಡಿಯುದ್ದದ ಪುಟ್ಟ ಕನ್ನಡಿ ಎಲ್ಲವೂ ಉಳಿದಿದ್ದವು. ರೋಗಿಯ ಜಾಗದಲ್ಲಿ ಈಗ ಮಲಗುತ್ತಿದ್ದುದು ಡ್ರೋನ್. ಬೆಸುಗೆ ಹಾಕುತ್ತಿದ್ದವರು ಪತ್ನಿ. ಡಾಕ್ಟರು ಎಡಗೈಯಲ್ಲಿ ಕನ್ನಡಿ ಹಿಡಿದು ಬೋರ್ಡಿನ ಅಡಿಯನ್ನು ಇಣುಕಿ, ‘ಹಾಂ, ಸಾಕು, ತೆಗಿ’ ಎನ್ನುತ್ತಿದ್ದರು. ‘ಇರೋ ಬಾಯೆಲ್ಲ ಮುಗೀತು, ಈಗ ಆಕಾಶಕ್ಕೆ ಹಲ್ಲು ಕಟ್ಟಿಸ್ತಿದ್ದಾರೆ’ ಎಂದು ಆಕೆ ನಮ್ಮನ್ನು ನಗಿಸುತ್ತ, ಬೆಸುಗೆ ಕಡ್ಡಿಯ ಕಾದ ತುದಿಯನ್ನು ಮಾತ್ರ ಕೂದಲೆಳೆಯಷ್ಟೂ ಆಚೀಚೆ ಮಾಡುತ್ತಿರಲಿಲ್ಲ. ಒಮ್ಮೆ ರೆಕ್ಕೆಗಳನ್ನು ಬಿಚ್ಚುವುದನ್ನು ಮರೆತು ಮೋಟಾರು ಚಾಲೂ ಮಾಡಿದಾಗ ಕಿಟಕಿಯ ಪರದೆ ಚಿಂದಿಯಾಯಿತು. ಆ ಒಂದು ವಾರ ಮನೆಯಲ್ಲಿ ಡ್ರೋನಿನ ಹೆಸರೆತ್ತುವಂತಿರಲಿಲ್ಲ.

ನಾಲ್ಕು ಮೋಟಾರುಗಳಲ್ಲಿ ಯಾವುದು ಎಷ್ಟು ವೇಗವಾಗಿ ತಿರುಗಬೇಕೆಂದು ಕ್ಷಣಕ್ಷಣಕ್ಕೂ ಆಜ್ಞಾಪಿಸುವ ಬೆಂಕಿಪೊಟ್ಟಣದಷ್ಟು ಗಾತ್ರದ ಬೋರ್ಡಿಗೆ ಫ್ಲೈಟ್ ಕಂಟ್ರೋಲರ್ ಎನ್ನುತ್ತಾರೆ. ಡಾಕ್ಟರು ಆರಿಸಿಕೊಂಡದ್ದು ಮುಕ್ತ ತಂತ್ರಾಂಶದ್ದು. ದೂರದೂರದ ಹವ್ಯಾಸಿಗಳು ಕೂಡಿ ಬರೆದದ್ದು, ಯಾರು ಬೇಕಾದರೂ ಓದಬಹುದಾದದ್ದು, ತಿದ್ದಬಹುದಾದದ್ದು. ‘ಇದು ಬಾಯಿ ತೆಗಿ ಅಂದ್ರೆ ತೆಗಿಯತ್ತೆ’ ಎಂಬುದು ಅದಕ್ಕೆ ಅವರು ಕೊಟ್ಟ ಪ್ರಶಸ್ತಿ. ಪ್ರತಿ ಹಾರಾಟದ ವಿವರವನ್ನೂ ಅದು ಗೆರೆಗೆರೆಯಾಗಿ ಉಳಿಸಿಕೊಳ್ಳುತ್ತದೆ. ಅಂಥ ಗೆರೆಗಳನ್ನು ನೋಡುತ್ತಿದ್ದಾಗ, ಒಂದು ಮಧ್ಯಾಹ್ನ, ತಮ್ಮ ಕೊನೆಯ ಹಾರಾಟಗಳಲ್ಲಿ ಒಂದರ ಗೆರೆ ಎದುರಾಯಿತು. ಮೋಟಾರಿನ ಕಂಪನ ಒಂದು ಗೆರೆ, ರಿಮೋಟಿನ ಕೋಲು ಇನ್ನೊಂದು ಗೆರೆ. ಎರಡಕ್ಕೂ ಒಂದೇ ಬಗೆಯ ಹಲ್ಲುಗಳು. ಒಂದರದು ಒತ್ತೊತ್ತಾಗಿ, ಇನ್ನೊಂದರದು ವಿರಳವಾಗಿ. ಮೋಟಾರಿನ ನಡುಕವನ್ನು ಅದರ ಲಯದಿಂದಲೇ ಗುರುತು ಹಿಡಿದು ಸೋಸಿ ಎಸೆಯುವ ಫಿಲ್ಟರು ಆ ತಂತ್ರಾಂಶದಲ್ಲಿ ಮೊದಲಿನಿಂದಲೂ ಇತ್ತು. ಹಾಗಾದರೆ ನನ್ನದನ್ನೇಕೆ ಸೋಸಬಾರದು ಎಂದು ಡಾಕ್ಟರು ಕುರ್ಚಿಯಿಂದ ಎದ್ದು ನಿಂತರು.

ಕೋಡು ಬರೆಯುವುದು ಅವರಿಗೆ ಬಾರದು. ಹವ್ಯಾಸಿಗಳ ಅಂತರ್ಜಾಲದ ಚಾವಡಿಯಲ್ಲಿ ಗೂಬೆ ಎಂಬ ಅಡ್ಡಹೆಸರಿನ ಅಪರಿಚಿತರೊಬ್ಬರು ಕೈಹಿಡಿದು ನಡೆಸಿದರು, ಯಾವ ಸಾಲನ್ನು ಎಲ್ಲಿ ಸೇರಿಸಬೇಕೆಂದು ತೋರಿದರು. ಸೋಸುವಿಕೆಗೆ ತುಸು ಹೊತ್ತು ಹಿಡಿಯುವುದರಿಂದ ಕೈಯಾಡಿಸಿದ್ದು ಡ್ರೋನಿಗೆ ಕೊಂಚ ತಡವಾಗಿ ತಲುಪೀತೆಂದೂ ಎಚ್ಚರಿಸಿದರು. ‘ಗೂಬೆ ಮಾತು ಕೇಳ್ತೀರಿ, ನನ್ನ ಮಾತು ಮಾತ್ರ ಕಿವಿಗೇ ಹೋಗಲ್ಲ’ ಎಂದು ಪತ್ನಿ ಸಿಡುಕಿದರೂ, ಗಂಡನ ಮುಖದಲ್ಲಿ ಬಹುಕಾಲದ ಮೇಲೆ ಕಂಡ ಕಳೆಯನ್ನು ಕಂಡು ಒಳಗೊಳಗೇ ಹಿಗ್ಗಿದ್ದರು.

ಫಿಲ್ಟರು ಸಿದ್ಧವಾದ ಭಾನುವಾರ ಬಯಲಿಗೆ ಪತ್ನಿಯೂ ಬಂದರು. ಭಾವಮೈದ ತನ್ನ ಸ್ಕೂಲಿನ ಕಾರಿನಲ್ಲಿ ಕಲಿಸುವವನಿಗಿರುವ ಎರಡನೆಯ ಬ್ರೇಕಿನಂತೆ ಇನ್ನೊಂದು ರಿಮೋಟು ಹಿಡಿದು, ಏನಾದರೂ ಆದರೆ ತಾನು ವಶಕ್ಕೆ ತೆಗೆದುಕೊಳ್ಳಲು ಸಿದ್ಧನಾಗಿ ನಿಂತ. ಡಾಕ್ಟರು ಬಲಗೈಯನ್ನು ಹೊರತೆಗೆದರು. ಬೆರಳು ಕೋಲಿನ ಮೇಲೆ ನಡುಗುತ್ತಲೇ ಇತ್ತು. ಮೇಲೆ ಡ್ರೋನು ಮಾತ್ರ ಗೋಡೆಗೆ ಮೊಳೆ ಹೊಡೆದಂತೆ ನಿಂತಿತು. ಕಂಬಗಳನ್ನು ಸುತ್ತಿತು, ಅಲುಗದೆ ಬಂದು ಬಕೆಟ್ಟಿನ ಮೇಲೆ ಇಳಿಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಡಾಕ್ಟರ ಮುಖ ಸಪ್ಪಗಿತ್ತು.

‘ಇನ್ನೇನ್ ಬೇಕು ಭಾವ, ಒಂಚೂರೂ ಅಲುಗಾಡ್ಲಿಲ್ಲ!’ ಎಂದ ಭಾವಮೈದ.

‘ಹಾರ್ತು, ಚೆನ್ನಾಗೇ ಹಾರ್ತು. ಆದ್ರೆ ನಾನು ಹಾರಿಸ್ಲಿಲ್ಲ ಕಣಯ್ಯಾ.’

ನಮಗೆ ಅರ್ಥವಾಗಲಿಲ್ಲ. ಆಮೇಲೆ ಗೆರೆಗಳನ್ನು ಮುಂದಿಟ್ಟು ಅವರೇ ತಿಳಿಸಿದರು. ಕಂಬದ ಬಳಿ ಅವರು ಕೊಡುತ್ತಿದ್ದ ಮೊಟಕುಗಳ ಲಯವೂ ನಡುಕದ ಲಯವೂ ಹೆಚ್ಚುಕಡಿಮೆ ಒಂದೇ. ರೋಗ ಯಾವುದು, ಕೈಚಳಕ ಯಾವುದು ಎಂದು ಫಿಲ್ಟರಿಗೆ ತಿಳಿಯದು. ಅದು ಎರಡನ್ನೂ ನುಂಗಿತ್ತು. ತಾವು ಮೊಟಕಿದ್ದೇ ಬಂತು, ಡ್ರೋನು ಕೇಳಿಸಿಕೊಳ್ಳದೆ ಸಭ್ಯವಾಗಿ ಸುತ್ತಿ ಬಂದಿತ್ತು. ಫಿಲ್ಟರನ್ನು ಸಡಿಲಿಸಿದರೆ ನಡುಕ ಒಳನುಗ್ಗಿತು, ಬಿಗಿಗೊಳಿಸಿದರೆ ಮೊಟಕು ಸತ್ತಿತು. ವಾರಗಟ್ಟಲೆ ಕುರ್ಚಿಗೂ ಬಯಲಿಗೂ ಅಲೆದರು. ಎರಡನ್ನೂ ಬೇರ್ಪಡಿಸುವ ಗಣಿತ ತಮಗೆ ತಿಳಿಯದೆಂದು ಗೂಬೆಯೂ ಕೈಚೆಲ್ಲಿದರು. ಆ ದಿನಗಳಲ್ಲಿ ಡಾಕ್ಟರು ಕಳೆದುಕೊಂಡ ಚಿಕಿತ್ಸಾಲಯದ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ನಾಲ್ಕಾರು ಮೊಟಕುಗಳಿಗಾಗಿ ಮಾತ್ರ ಊಟ ಸೇರದವರಾದರು.

ಕೊನೆಗೆ ಫಿಲ್ಟರನ್ನು ರಿಮೋಟಿನ ಒಂದು ಗುಂಡಿಗೆ ಕಟ್ಟಿದರು. ಈಗ ಏರುವಾಗ, ಇಳಿಯುವಾಗ, ಜನ ಸುಳಿದಾಡುವ ಎತ್ತರದಲ್ಲಿ ಅದು ಸೋಸುತ್ತದೆ. ಖಾಲಿ ಬಯಲಿನ ನಡುವೆ, ಕಂಬಗಳಿಗಿಂತ ಎಷ್ಟೋ ಮೇಲೆ ಹೋದಾಗ ಡಾಕ್ಟರು ಗುಂಡಿಯೊತ್ತಿ ಸೋಸುವುದನ್ನು ನಿಲ್ಲಿಸುತ್ತಾರೆ. ಆಗ ಡ್ರೋನು ಆಪಾದಮಸ್ತಕ ನಡುಗುತ್ತದೆ. ನಡುಗುತ್ತಲೇ ಎಂಟನ್ನು ಬರೆಯುತ್ತದೆ, ಗೀಚಿದಂಥ, ಅಂಚು ಹರಿದಂಥ ಎಂಟು. ಇಲ್ಲದ ಕಂಬದ ಬಳಿ ಬಂದಾಗ ಒಮ್ಮೊಮ್ಮೆ, ಹತ್ತರಲ್ಲಿ ಒಂದು ಸಲ, ಹಿಂದಿನಂತೆ ಪುಟಿದು ನುಣುಚುತ್ತದೆ. ಆ ಒಂದು ನುಣುಚಿಗಾಗಿ ಅವರು ಉಸಿರು ಬಿಗಿಹಿಡಿದು ಕಾಯುತ್ತಾರೆ. ನಡುಕ ಹೆಚ್ಚುತ್ತಿದೆ, ಸೋಸದೆ ಹಾರಿಸುವ ಹೊತ್ತು ಕುಗ್ಗುತ್ತಿದೆ. ಅದು ಮನೆಯವರಿಗೂ ಗೊತ್ತು, ಅವರಿಗೂ ಗೊತ್ತು.

ಮೊನ್ನೆ ಹೊಸದಾಗಿ ವಾಯುವಿಹಾರಕ್ಕೆ ಬಂದವರೊಬ್ಬರು ಮೇಲೆ ನೋಡಿ, ‘ಅದ್ಯಾಕೆ ಹಂಗ್ ಒದ್ದಾಡ್ತಿದೆ? ಕೆಟ್ಟೋಗಿದ್ಯಾ?’ ಎಂದು ಡಾಕ್ಟರ ಪತ್ನಿಯನ್ನೇ ಕೇಳಿದರು.

ಆಕೆ ಡ್ರೋನಿನಿಂದ ಕಣ್ಣು ಕೀಳದೆ ಹೇಳಿದರು: ‘ಕೆಟ್ಟಿಲ್ಲ. ಹಾರಿಸ್ತಿರೋರು ನಮ್ಮ ಮನೆಯವರು.’

ಇಂಥವರನ್ನು ಹವ್ಯಾಸಿಗಳೆಂದು ಕರೆದು ನಾವು ಸುಲಭವಾಗಿ ಮುಂದೆ ಹೋಗುತ್ತೇವೆ. ಬರೀ ಹಾರಿದರೆ ಸಾಕೆನ್ನುವವರಿಗೆ ಅಂಗಡಿಯಲ್ಲಿ ಸಿದ್ಧವಾದದ್ದು ಸಿಗುತ್ತದೆ. ಅದು ಕೈಬಿಟ್ಟರೂ ಗಾಳಿಯಲ್ಲಿ ನಿಂತಿರುತ್ತದೆ, ಯಾರು ಹಾರಿಸಿದರೂ ಒಂದೇ ಹದವಾಗಿ ಹಾರುತ್ತದೆ. ಈ ಜಾತಿಯ ಜನಕ್ಕೆ ಆ ಹದದಲ್ಲಿ ತಮ್ಮ ಗುರುತು ಕಾಣುವುದಿಲ್ಲ. ಕಳೆದುಹೋದ ಕೈ ಮರಳಿ ಬಾರದೆಂದು ಬಲ್ಲರು, ಅದಕ್ಕಾಗಿ ಕೊರಗುತ್ತಲೂ ಇರುತ್ತಾರೆ. ಆದರೂ ಲೋಕ ಒಪ್ಪುವ ನಿಶ್ಚಲತೆಯನ್ನು ಬದಲಿಗೆ ಕೊಟ್ಟರೆ ಬೇಡವೆನ್ನುತ್ತಾರೆ. ಎಷ್ಟು ಉಳಿದಿದೆಯೋ ಅಷ್ಟೇ ಸಾಕು, ಅದು ತಮ್ಮದಾಗಿರಲಿ ಎಂದು ಕೇಳಿಕೊಳ್ಳುವ ಇಂಥವರ ಮುಂದೆ, ಎಲ್ಲವೂ ನೆಟ್ಟಗಿರುವ ನಮ್ಮಂಥವರಿಗೆ, ನಾವು ಇಷ್ಟು ನೆಟ್ಟಗೆ ನಡೆಸಿಕೊಂಡು ಬಂದ ಬದುಕಿನಲ್ಲಿ ನಮ್ಮ ಕೈ ಎಲ್ಲಾದರೂ ಇದೆಯೇ ಎಂದು ಮೊದಲ ಬಾರಿಗೆ ಅಳುಕಾಗುತ್ತದೆ.