ಸೊಸೆ ಹೇಳಬಾರದ ಹೊಳೆ

ನರಿನ್ ಸೀಮೆಯ ಆ ಕಣಿವೆಗೆ ಮದುವೆಯಾಗಿ ಬಂದ ಹೆಣ್ಣು ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದೇ ಹೆಸರಿನ ಬೆಟ್ಟವಿದ್ದರೂ, ಹೊಳೆಯಿದ್ದರೂ, ಸುತ್ತಿ ಬಳಸಿ ಇನ್ನೊಂದು ಮಾತು ಹುಡುಕಿಕೊಳ್ಳಬೇಕು. ಬುರುಲ್‌ಳ ಮಾವನ ಹೆಸರು ಶೆರ್ಮತ್. ಊರಿನ ಪಕ್ಕದಲ್ಲಿ ಹರಿಯುವ ಹೊಳೆಯೂ ಶೆರ್ಮತ್. ಹೊಳೆಗೆ ಹೆಸರು ಕೊಟ್ಟ ಹಳೇ ಹಿರಿಯನ ನೆನಪಿಗೇ ಮಾವನಿಗೂ ಆ ಹೆಸರಿಟ್ಟಿದ್ದರು. ಹಾಗಾಗಿ ಬುರುಲ್ ಆ ನೀರನ್ನು ಮೊದಲಿನಿಂದಲೂ ‘ಬಡಗಣದ್ದು’ ಎಂದೇ ಕರೆದಳು. ಕೊಡ ತುಂಬಿ ತರುವವಳಿಗೆ, ಕುದುರೆ ಹಾಲು ಕರೆಯುವವಳಿಗೆ ಅಷ್ಟು ಸಾಕಿತ್ತು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳಿಗೆ ಸಾಲಲಿಲ್ಲ.

ಕಲಿಸುವ ಆಸೆ ಅವಳಿಗೆ ಹುಟ್ಟಿದ್ದು ಕುರಿಗಳ ಹಿಂದೆ. ಅಪ್ಪ ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಿಗೆ ಮಂದೆ ಹೊಡೆಯುತ್ತಿದ್ದ. ಓದು ಬಿಟ್ಟ ಅಣ್ಣ ಎಸೆದ ಭೂಪಟದ ಪುಸ್ತಕವನ್ನು ಅವಳು ಎತ್ತಿಕೊಂಡು ಹೋದಳು. ಹಾಳೆಯಲ್ಲಿ ಕಂಡ ತೊರೆ ನೆಲದ ಮೇಲೂ ಅಲ್ಲೇ ತಿರುಗುತ್ತದೆಯೇ ಎಂದು ನೋಡಲು ಮಂದೆ ಬಿಟ್ಟು ಹೋಗಿ, ಅಪ್ಪನ ಕೈಲಿ ಏಟೂ ತಿಂದಳು. ತೊರೆ ಅಲ್ಲೇ ತಿರುಗುತ್ತಿತ್ತು. ಆ ಸಂತೋಷವನ್ನು ಯಾರಿಗಾದರೂ ಹೇಳಬೇಕೆನ್ನಿಸಿ, ಕಡೆಗೆ ಕುರಿಗಳಿಗೇ ಹೇಳಿದಳು.

ಪಟ್ಟಣದಲ್ಲಿ ಓದುತ್ತಿದ್ದಾಗ ನಡುವೆಯೇ ಮದುವೆಯಾಯಿತು. ಆಮೇಲೆ ರೊಟ್ಟಿ, ಉಣ್ಣೆ, ಮಕ್ಕಳು. ಚಿಕ್ಕ ಮಗ ಶಾಲೆಗೆ ಹೋಗತೊಡಗಿದಾಗ ಅಂಚೆಯ ಮೂಲಕ ಮತ್ತೆ ಓದು ಹಿಡಿದಳು. ಅತ್ತೆ ಬತ್ಮಾ ಬಿಡುತ್ತಾಳೆಯೇ?

“ಓದು ಅಂಚೇಲಿ ಬರುತ್ತಂತೆ. ಹಿಟ್ಟು ನಾದೋಕೂ ಅಂಚೆಯವನಿಗೇ ಹೇಳ್ಬಿಡು, ತಾಯಿ.”

“ಹೇಳಿದ್ದೆ ಅತ್ತೆ. ನಿಮ್ಮ ಮನೆ ಹಿಟ್ಟು ಗಟ್ಟಿ ಅಂತ ಓಡ್ಹೋದ.”

ಅತ್ತೆ ನಕ್ಕಿದ್ದು ಕಾಣದಿರಲಿ ಎಂದು ಒಲೆ ಕಡೆ ತಿರುಗಿದಳು.

ಊರ ಶಾಲೆಯಲ್ಲಿ ಭೂಗೋಳ ಹೇಳುವವರು ಇರಲಿಲ್ಲ. ಇದ್ದವರು ದುಡಿಮೆಗೆಂದು ರಷ್ಯಾಕ್ಕೆ ಹೋಗಿದ್ದರು. ಕಸರತ್ತಿನ ಮೇಷ್ಟ್ರು ಆ ಪೀರಿಯಡ್ ತೆಗೆದುಕೊಳ್ಳುತ್ತಿದ್ದರು. ಅವರ ಪಾಠದಲ್ಲಿ ಆಫ್ರಿಕಾ ಎಂದರೆ ಮೈದಾನದ ಸುತ್ತ ಓಟ. ಬುರುಲ್ ಪರೀಕ್ಷೆ ಮುಗಿಸಿದ್ದೇ ಹೆಡ್‌ಮಾಸ್ಟರ್ ಅಸನ್‌ಕುಲ್ ಅವಳನ್ನು ಕರೆದರು. ವಸಂತದಲ್ಲಿ ತೆರೆದ ಪಾಠ ನಡೆಯುವ ತನಕ ತಾತ್ಕಾಲಿಕ. ಅವತ್ತು ಜಿಲ್ಲೆಯವರು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಊರ ಹಿರಿಯರೂ ಕೂರುತ್ತಾರೆ. ಒಪ್ಪಿದರೆ ಕೆಲಸ ಅವಳದು, ಇಲ್ಲದಿದ್ದರೆ ಪಟ್ಟಣದಿಂದ ಬೇರೆಯವರು.

ಆ ಚಳಿಗಾಲ ಬುರುಲ್‌ಳಿಗೆ ರೆಕ್ಕೆ ಬಂದಂತಿತ್ತು. ಒಂಬತ್ತನೇ ತರಗತಿಯ ಮಕ್ಕಳಿಂದ ಉಣ್ಣೆ ಬಡಿಯಿಸಿ, ಬಣ್ಣ ಹಾಕಿಸಿ, ಗೋಡೆಯಗಲದ ಕಂಬಳಿಯ ಮೇಲೆ ಇಡೀ ಸೀಮೆಯ ನಕ್ಷೆ ಮಾಡಿಸಿದಳು. ನೀಲಿ ಉಣ್ಣೆಯ ತೊರೆಗಳು ಎಲ್ಲೆಲ್ಲಿ ಕೂಡುತ್ತವೆ ಎಂದು ಮಕ್ಕಳು ಬೆರಳಿಟ್ಟು ತೋರಿಸುತ್ತಿದ್ದರು. ಎಲ್ಲ ಸರಿ. ಆದರೆ ಜಿಲ್ಲೆಯ ಪರೀಕ್ಷೆಯಲ್ಲಿ ‘ನಿಮ್ಮೂರ ಹೊಳೆಯ ಹೆಸರೇನು’ ಎಂಬ ಪ್ರಶ್ನೆಗೆ ಇಡೀ ತರಗತಿ ‘ಬಡಗಣದ್ದು’ ಎಂದು ಬರೆದು ಬಂತು.

“ನೀವೇ ಹಾಗಂತ ಹೇಳ್ಕೊಟ್ಟಿದ್ದು ಅಕ್ಕಾ,” ಎಂದಳು ಜಿಪಾರ್ ಎಂಬ ಬಾಯಿಬಡುಕಿ. “ಹೊಳೆ ಹೆಸರು ನಮಗೂ ಗೊತ್ತಿತ್ತು. ಪುಸ್ತಕದ್ದು ಇದೇ ಇರ್ಬೇಕು ಅಂದ್ಕೊಂಡ್ವಿ.”

ಆ ಮಾತು ಬುರುಲ್‌ಳ ಎದೆಗೇ ನಾಟಿತು. ತೆರೆದ ಪಾಠಕ್ಕೆ ಜಿಲ್ಲೆಯವರು ಆರಿಸಿದ ವಿಷಯವೂ ‘ನಮ್ಮ ಸೀಮೆಯ ನೀರು’ ಎಂದು ತಿಳಿದ ದಿನ ಅವಳು ಅತ್ತೆಯ ಮುಂದೆ ಕೂತಳು.

“ಹೇಳ್ಬೇಕಾಗುತ್ತೆ ಅತ್ತೆ.”

“ನಾನು ಅವರ ಜೊತೆ ಮುದುಕಿಯಾದೆ. ಕತ್ತಲೇಲೂ ಆ ಹೆಸರು ಅಂದಿಲ್ಲ. ನೀನು ಊರೆದುರಿಗೆ ಅಂತೀಯಾ?”

“ಹೊಳೆ ಹೆಸರು ಅದು, ಮಾವಂದಲ್ಲ.”

“ಹೊಳೆಗೆ ಕಿವಿ ಇಲ್ಲ. ಅವರಿಗಿದೆ.”

ಮಾವನನ್ನು ಕೇಳುವ ಹಾಗೂ ಇಲ್ಲ. ಅಂಥ ಮಾತನ್ನು ಸೊಸೆ ಮಾವನ ಹತ್ತಿರ ಎತ್ತುವುದಿಲ್ಲ.

ತೆರೆದ ಪಾಠದ ದಿನ ಹಿಂದಿನ ಬೆಂಚು ತುಂಬಿತು. ಬಿಳಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಶೆರ್ಮತ್ ಮುದುಕ ಕೂತಿದ್ದ, ಪಕ್ಕದಲ್ಲಿ ಬತ್ಮಾ. ಜಿಲ್ಲೆಯಿಂದ ಬಂದಿದ್ದ ತುರ್ಸುನೈ ಎಂಬ ಹೆಂಗಸು ಪೆನ್ನು ಹಿಡಿದು ಮುಂದೆ ಬಂದಳು. ಮಕ್ಕಳು ಒಂದೊಂದೇ ತೊರೆ ಹೆಸರಿಸಿದರು. ಪಾಠ ಅರ್ಧ ದಾಟಿದಾಗ ತುರ್ಸುನೈ ಕಂಬಳಿಯ ಬಡಗಣ ಅಂಚಿಗೆ ಬೆರಳಿಟ್ಟಳು.

“ಇದು?”

ಜಿಪಾರ್ ಕೈಯೆತ್ತಿದಳು.

“ನೀನು ಬೇಡಮ್ಮ. ಪರೀಕ್ಷೇಲಿ ನೀವೆಲ್ಲ ಬರೆದದ್ದು ನೋಡಿದೀನಿ. ನಿಮ್ಮ ಟೀಚರೇ ಹೇಳ್ಲಿ.”

ಊರಿನವರಿಗೆಲ್ಲ ಸಂಕಟ ಏನೆಂದು ಗೊತ್ತು. ಮುದುಕ ನೆಲ ನೋಡುತ್ತಿದ್ದ. ಬುರುಲ್ ಒಮ್ಮೆ ಅವನತ್ತ, ಒಮ್ಮೆ ಮಕ್ಕಳತ್ತ ನೋಡಿದಳು. ಈ ಮಕ್ಕಳು ನಾಳೆ ಎಲ್ಲಿಗಾದರೂ ಹೋಗಿ, ನಿಮ್ಮೂರ ನೀರು ಯಾವುದು ಎಂದು ಯಾರಾದರೂ ಕೇಳಿದರೆ, ತನ್ನ ನಾಲಿಗೆಯ ಗಂಟನ್ನು ಅವರು ಹೊರಬೇಕೆ? ಅವಳು ನೆಟ್ಟಗೆ ನಿಂತಳು.

“ಶೆರ್ಮತ್.”

“ಆಂ, ಇಲ್ಲಿದೀನಿ!” ಎಂದು ಮುದುಕ ಥಟ್ಟನೆ ಎದ್ದು ನಿಂತ.

ತರಗತಿ ಬಿದ್ದು ಬಿದ್ದು ನಕ್ಕಿತು. ತುರ್ಸುನೈಯ ಪೆನ್ನೇ ಜಾರಿತು. ಮುದುಕ ಮಾತ್ರ ಕೂರಲಿಲ್ಲ. ಟೋಪಿಯನ್ನು ತಿರುಗಿಸುತ್ತಾ ಸುತ್ತ ನೋಡಿದ.

“ನಗಿ, ನಗಿ. ನನ್ನ ಜೊತೆಯವರೆಲ್ಲ ಮಣ್ಣಾದ್ರು. ಮನೇಲಿ ಒಬ್ಬಳು ‘ರೀ’ ಅಂತಾಳೆ, ಇನ್ನೊಬ್ಬಳು ‘ಮಾವ’. ನನಗೊಂದು ಹೆಸರಿದೆ ಅನ್ನೋದೇ ಮರೆತುಹೋಗಿತ್ತು. ಹೇಳಮ್ಮ ಬುರುಲ್, ಆ ಶೆರ್ಮತ್ ಎಲ್ಲಿಗೆ ಹೋಗುತ್ತೆ? ಅದರ ದಡದಲ್ಲೇ ಹುಟ್ಟಿದವನು ನಾನು, ಅದು ಎಲ್ಲಿಗೆ ಹೋಗುತ್ತೆ ಅಂತ ಯಾರೂ ಹೇಳಿಲ್ಲ.”

ಬುರುಲ್ ಹೇಳಿದಳು. ಶೆರ್ಮತ್ ಹಿಮದ ಬಾಯಿಂದ ಇಳಿಯುವುದನ್ನು, ನರಿನ್ ಹೊಳೆಯನ್ನು ಕೂಡುವುದನ್ನು, ಬೆಟ್ಟ ದಾಟಿ, ಬೇರೆ ಭಾಷೆಯವರ ಹತ್ತಿಯ ಹೊಲಗಳಿಗೆ ನೀರಾಗಿ, ಬತ್ತಿದ ಸಮುದ್ರವೊಂದರ ಕಡೆಗೆ ನಡೆಯುವುದನ್ನು. ಪ್ರತಿಸಲವೂ ಹೆಸರು ಹೇಳಿದಳು, ಪ್ರತಿಸಲವೂ ದನಿ ಏರಿತು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ತಮ್ಮ ನೀರು ಅಷ್ಟು ದೂರ ಹೋಗುತ್ತದೆಂದು ಮುದುಕರು ಬೀಗುತ್ತಿದ್ದರು, ತಾವೇ ನಡೆದು ಹೋಗಿ ಬಂದವರ ಹಾಗೆ.

ತುರ್ಸುನೈ ಹೆಡ್‌ಮಾಸ್ಟರರ ಕಡೆ ತಿರುಗಿದಳು. “ಪಟ್ಟಣದಿಂದ ಯಾರನ್ನೂ ಕಳಿಸಲ್ಲ. ಮೇಲಿನ ತರಗತಿಗಳನ್ನೆಲ್ಲ ಇವರಿಗೇ ಕೊಡಿ. ಬಡಗಣದ್ದು ಅಂತ ಬರೆದವರಿಗೆ ಅರ್ಧ ಮಾರ್ಕು ಹಾಕಿಸ್ತೀನಿ, ದಿಕ್ಕಾದ್ರೂ ಸರಿಯಿದೆ.”

ಜಿಪಾರ್ ಬೆಂಚಿನ ಮೇಲೆ ಹತ್ತಿ ಚಪ್ಪಾಳೆ ತಟ್ಟಿದಳು. ಯಾರೂ ಬೈಯಲಿಲ್ಲ.

ಅಂಗಳದಲ್ಲಿ ಚಹಾ ಇಟ್ಟಿದ್ದರು. ಗಂಡಸರ ಗುಂಪಿನ ನಡುವೆ ಮುದುಕ ಕೈ ಬೀಸಿ ಬೀಸಿ ಸಮುದ್ರದ ವಿಷಯ ಹೇಳುತ್ತಿದ್ದ. ಬತ್ಮಾ ಸೊಸೆಯ ಪಕ್ಕ ಬಂದು ನಿಂತಳು.

“ನಾಲಿಗೆ ಏನಾದ್ರೂ ಉರೀತಾ?”

“ಇಲ್ಲ ಅತ್ತೆ.”

ಬತ್ಮಾ ಗಂಡನ ಕಡೆ ಮುಖ ಮಾಡಿ, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದಳು. “ಶೆರ್...” ಅಂದವಳು ನಾಚಿ ಕೆಂಪಾಗಿ ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡಳು. “ನನ್ನ ಕೈಲಾಗಲ್ಲ. ನೀನೇ ಕರಿ, ಚಹಾ ಆರಿಹೋಗುತ್ತೆ.”

ಬುರುಲ್ ತರಗತಿಯ ದನಿಯಲ್ಲೇ ಕರೆದಳು. “ಶೆರ್ಮತ್ ಮಾವ!”

ಅಂಗಳದ ತಲೆಗಳೆಲ್ಲ ತಿರುಗಿದವು. ಮುದುಕ ಸಮುದ್ರವನ್ನು ಅರ್ಧಕ್ಕೇ ಬಿಟ್ಟು, ಹುಡುಗನಂತೆ ಓಡೋಡಿ ಬಂದ.