ಚಂದ್ರಿಯ ಬಾಯಿಕುಕ್ಕೆ

ಬೇಸಿಗೆ ರಜಕ್ಕೆ ಸ್ಕೂಲು ಮುಚ್ಚಿದ ಮೇಲೆ ಮರಿಸ್ವಾಮಿಯ ಜಟಕಾಕ್ಕೆ ಕೆಲಸವಿರಲಿಲ್ಲ. ಮಕ್ಕಳನ್ನು ಸ್ಕೂಲಿಗೆ ಸಾಗಿಸುವುದೇ ಅವನ ಕಸುಬು. ಹಾಗಾಗಿ ಜಟಕಾ ಎಳೆಯುವ ತಟ್ಟು ಕುದುರೆ ಚಂದ್ರಿಯನ್ನು ಹೆಂಡತಿ ಮಂಗಳಮ್ಮನಿಗೆ ಒಪ್ಪಿಸಿ, ತಾನು ನುಗು ಅಣೆಕಟ್ಟಿನ ಕೂಲಿಗೆ ಹೊರಟುಹೋದ.

ವಿದ್ಯಾರಣ್ಯಪುರಂ ದಾಟಿದರೆ ಊರಿನ ಮೋರಿ ನೀರು ಹರಡುವ ಬಯಲು. ಸುತ್ತಲ ನೆಲವೆಲ್ಲ ಒಣಗಿ ಬಿರಿದಿದ್ದರೂ ಅಲ್ಲಿ ಮಾತ್ರ ಹುಲ್ಲು ಹಸಿರಾಗಿ, ಮೊಣಕಾಲೆತ್ತರ ನಿಂತಿತ್ತು. ಮಂಗಳಮ್ಮ ಬೆಳಗ್ಗೆ ಚಂದ್ರಿಯನ್ನು ಅಲ್ಲಿ ಗೂಟಕ್ಕೆ ಕಟ್ಟಿ ಬರುವಳು, ಬಿಸಿಲು ಇಳಿದ ಮೇಲೆ ಹೊಡೆದುಕೊಂಡು ಬರುವಳು. ವರ್ಷವಿಡೀ ಪಕ್ಕೆಲುಬು ಎಣಿಸುವಂತಿದ್ದ ಪ್ರಾಣಿ ಗುಂಡಗಾಯಿತು. ಬೀದಿಯವರು ನಿಂತು ನೋಡಿ ಹೊಗಳಿದರು. ಅತ್ತೆ ದೇವಿರಮ್ಮನಿಗಂತೂ ಎಲ್ಲಿಲ್ಲದ ಹಿಗ್ಗು.

"ಈಗ ನೋಡು, ಉಂಡ ಮನೆ ಕುದುರೆ ಇದ್ದಂಗದೆ" ಎಂದು ಅದರ ಬೆನ್ನು ಸವರುವಳು.

ಒಂದು ಬೆಳಗ್ಗೆ ಚಂದ್ರಿ ಹೆಜ್ಜೆ ಎತ್ತಲಿಲ್ಲ. ಮುಂಗಾಲು ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿತ್ತು. ಗೊರಸು ಮುಟ್ಟಿದರೆ ಸುಡುತ್ತಿತ್ತು. ದನದ ಆಸ್ಪತ್ರೆಯ ಡಾಕ್ಟರು ಬಂದು ಅದರ ಕತ್ತಿನ ಕೊಬ್ಬನ್ನು ಒತ್ತಿ ನೋಡಿದರು.

"ಹಸಿಹುಲ್ಲು ಹೆಚ್ಚಾಯ್ತಮ್ಮ. ಅದೇ ಗೊರಸಿಗೆ ಬಂದಿದೆ. ಸದ್ಯ ಒಣಹುಲ್ಲು ನೆನೆಸಿ ಅಳತೆಯಾಗಿ ಹಾಕಿ. ನೋವು ಪೂರ್ತಿ ಇಳಿದ ಮೇಲೆ ಮೆಲ್ಲಗೆ ನಡೆಸಿ. ಆಮೇಲೆ ಬಯಲಿಗೆ ಬಿಟ್ರೂ ಬಾಯಿಗೆ ಕುಕ್ಕೆ ಇರಲಿ."

ಕಣದಲ್ಲಿ ತುಳಿಯುವ ಎತ್ತು ಕಾಳಿಗೆ ಬಾಯಿ ಹಾಕದಂತೆ ಕಟ್ಟುವ ಹಗ್ಗದ ಕುಕ್ಕೆಯೊಂದನ್ನು ಮಂಗಳಮ್ಮ ತಂದಳು. ನಾಲ್ಕಾರು ಎಳೆ ಹುಲ್ಲಾದರೂ ಸಿಗಲಿ ಎಂದು ಅದರ ತಳವನ್ನು ಸ್ವಲ್ಪ ಅಗಲ ಮಾಡಿದಳು. ಕಾಲು ಸರಿಹೋದ ಮೇಲೆ ಅದನ್ನು ಕಟ್ಟಿಯೇ ಬಯಲಿಗೆ ಬಿಟ್ಟಳು. ಆದರೂ ಕತ್ತಿನ ಕೊಬ್ಬು ಕರಗಲಿಲ್ಲ; ಗೊರಸು ಮತ್ತೆ ಬಿಸಿಯಾಗತೊಡಗಿತು.

ಅನುಮಾನ ಬಂದು ಒಂದು ಮಧ್ಯಾಹ್ನ ಬೇಗನೆ ಹೋದಳು. ದೇವಿರಮ್ಮ ಬದುವಿನ ಮೇಲೆ ಕೂತಿದ್ದಳು. ಕುಕ್ಕೆ ಅವಳ ಮಡಿಲಲ್ಲಿತ್ತು. ಚಂದ್ರಿ ಹುಲ್ಲಿನಲ್ಲಿ ಮೂತಿ ಹುದುಗಿಸಿ ಮೇಯುತ್ತಿತ್ತು.

"ಅತ್ತೆ, ಡಾಕ್ಟ್ರು ಹೇಳಿದ್ದು ಕೇಳಿರಲಿಲ್ವಾ?"

"ಕೇಳಿದ್ದೆ ಕಣಮ್ಮಿ." ದೇವಿರಮ್ಮ ಸೊಸೆಯ ಮುಖ ನೋಡಲಿಲ್ಲ. "ಚಿಕ್ಕೋಳಾಗಿದ್ದಾಗ ಕಡ್ಲೆಕಾಯಿ ಬುಡ್ಸೋಕೆ ಹೋಗ್ತಿದ್ದೊ. ಮಕ್ಕಳು ತಿಂದುಬುಡ್ತವೆ ಅಂತ ಹೊಲದ ಯಜಮಾನ ಬಾಯಿಗೆ ಬಟ್ಟೆ ಕಟ್ಟುಸ್ತಿದ್ದ. ಕಟ್ತಿದ್ದೋಳು ನಮ್ಮವ್ವನೇ. ಎದುರಿಗೆ ತಿನ್ನೋದು ಇಟ್ಟು ಬಾಯಿ ಕಟ್ಟೋದ ನನ್ನ ಕೈಲಿ ನೋಡೋಕಾಗದಿಲ್ಲ."

ಆ ಮನೆಗೆ ಬಂದು ಇಷ್ಟು ವರ್ಷವಾಗಿದ್ದರೂ ಮಂಗಳಮ್ಮ ಈ ಮಾತು ಕೇಳಿರಲಿಲ್ಲ. ಬೈಯಬೇಕೆಂದಿದ್ದವಳು ಅತ್ತೆಯ ಪಕ್ಕದಲ್ಲೇ ಕೂತಳು. ಆಮೇಲೆ ಅವಳ ಕೈ ಹಿಡಿದು ಎಬ್ಬಿಸಿ, ಆ ಕೈಯನ್ನು ಚಂದ್ರಿಯ ಗೊರಸಿನ ಮೇಲೆ ಇಡಿಸಿದಳು. ದೇವಿರಮ್ಮ ಕೈ ತೆಗೆಯದೆ ಹಾಗೇ ಕುಕ್ಕುರಗಾಲಲ್ಲಿ ಕೂತಳು.

"ಹಂಗಾರೆ ಇದಕ್ಕೆ ಹಸಿವಿಲ್ಲ ಅಂತೀಯಾ?"

"ಹಸಿವೂ ಅದೆ ಅತ್ತೆ. ಇಲ್ಲ ಅಂತ ನಾನು ಸುಳ್ಳು ಹೇಳಾಕಿಲ್ಲ. ಆದ್ರೆ ತಿಂದಷ್ಟೂ ಕಾಲು ಹೋಯ್ತದೆ."

ದೇವಿರಮ್ಮ ಗೊರಸನ್ನು ಮೆಲ್ಲಗೆ ಸವರಿದಳು.

"ಬಾಯಿ ಕಟ್ಟೋದು ಬ್ಯಾಡ ಬುಡಿ" ಎಂದಳು ಮಂಗಳಮ್ಮ. "ಹುಲ್ಲು ಅದರ ಕಣ್ಣಿಗೇ ಬೀಳದಂಗೆ ಮಾಡಣ."

ಅಂದಿನಿಂದ ಚಂದ್ರಿ ಬಯಲಿಗೆ ಹೋಗಲಿಲ್ಲ. ಹಿತ್ತಲ ಹೊಂಗೆಮರದ ನೆರಳಲ್ಲಿ, ಬರೀ ಮಣ್ಣಿನ ಮೇಲೆ ಕಟ್ಟಿದರು. ಬೆಳಗ್ಗೆ ಮಂಗಳಮ್ಮ ನೆನೆಸಿದ ಒಣಹುಲ್ಲನ್ನು ಅದೇ ಕುಕ್ಕೆಯಲ್ಲಿ ಅಳೆದು ಬುಟ್ಟಿಗೆ ಹಾಕಿಡುವಳು. ದೇವಿರಮ್ಮ ಅದನ್ನು ಒಂದೇ ಸಲ ಸುರಿಯದೆ, ಪಕ್ಕದಲ್ಲೇ ಕೂತು ಹಿಡಿಹಿಡಿಯಾಗಿ ಸಂಜೆವರೆಗೂ ತಿನ್ನಿಸುವಳು. ಮೊದಮೊದಲು ಕುದುರೆ ಕಾಲು ಕೆರೆದು ಕೆನೆಯುತ್ತಿತ್ತು. ಆಗ ಅವಳ ಕೈ ಬುಟ್ಟಿಯ ಕಡೆ ಹೋಗುತ್ತಿತ್ತು, ಹಾಗೇ ನಿಲ್ಲುತ್ತಿತ್ತು. ನೋವು ಇಳಿದ ಮೇಲೆ ಸೊಸೆ ಹಗ್ಗ ಹಿಡಿದು ಮೆತ್ತನೆಯ ದಾರಿಯಲ್ಲಿ ನಡೆಸಿಕೊಂಡು ಬರುತ್ತಿದ್ದಳು.

ಜೂನ್ ತಿಂಗಳಲ್ಲಿ ಮರಿಸ್ವಾಮಿ ಬಂದಾಗ ಜಟಕಾಕ್ಕೆ ಹೂಡುವಾಗ ಬಿಗಿಯುವ ಹೊಟ್ಟೆಪಟ್ಟಿ ಚಂದ್ರಿಗೆ ಹಳೆಯ ತೂತಿಗೇ ಬಂದಿತ್ತು.

"ಏನವ್ವಾ, ರಜವೆಲ್ಲ ಮೇದೂ ಸೊರಕಲಾಗೇ ಅದಲ್ಲ?" ಎಂದ.

"ನಡೀತದಲ್ಲ, ಸಾಕು ಬುಡು" ಎಂದಳು ದೇವಿರಮ್ಮ.