ಹಿಂದಿನ ಆಸನದ ಗಂಟೆಗಳು

ಸುಬ್ರಮಣಿಯು ಮುದುಕರ ಬಲಗೈಗೆ ಅಕ್ಕಿ ಸುರಿದು, ಬೆರಳುಗಳನ್ನು ತಾನೇ ಮಡಿಸಿ, ಆ ಮುಷ್ಟಿಯನ್ನು ಹೆಣದ ತುಟಿಯತ್ತ ಎಳೆದನು. ಮುನಿಕೃಷ್ಣಪ್ಪನವರು ಕೈಯನ್ನು ಹಿಂದಕ್ಕೆ ಸೆಳೆದುಕೊಂಡರು.

“ಸುಳ್ಳಾಡಿದ್ ಬಾಯ್ಗೆ ನಾನ್ ಅಕ್ಕಿ ಆಕಲ್ಲ.”

“ದೊಡ್ಡಪ್ಪ, ಸತ್ತೋನ್ ಮೇಲೆ ಏನ್ ಹಠ? ಊರೆಲ್ಲ ನೋಡ್ತಿದೆ.”

“ನೋಡ್ಲಿ. ಅವತ್ತೂ ನೋಡಿತ್ತು.”

ಚಟ್ಟದ ಮೇಲೆ ಮಲಗಿದ್ದವನು ಅವರ ಒಬ್ಬನೇ ಮಗ ವೇಣುಗೋಪಾಲ್. ಹಿಂದಿನ ದಿನ, ಯಾರನ್ನೋ ವಿಮಾನ ನಿಲ್ದಾಣಕ್ಕೆ ಕರೆದೊಯ್ಯುತ್ತಿದ್ದಾಗ, ಹೆಬ್ಬಾಳದ ಮೇಲ್ಸೇತುವೆ ಇಳಿದೊಡನೆ ಟ್ಯಾಕ್ಸಿಯನ್ನು ಎಡಕ್ಕೆ ತಂದು ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಹಿಂದೆ ಕುಳಿತಿದ್ದವರ ಕೂದಲೂ ಕೊಂಕಲಿಲ್ಲ.

ಆ ಮನೆತನದಲ್ಲಿ ಬಾಯಿಗಕ್ಕಿಯ ಮೊದಲ ಹಿಡಿ ಹಿರಿಯನದು. ಅದು ಬೀಳದೆ ಹೆಂಡತಿಯೂ ಹಾಕುವಂತಿಲ್ಲ, ಹೆಣವೂ ಏಳುವಂತಿಲ್ಲ. ಹಿರಿಯನ ಅಕ್ಕಿಯಿಲ್ಲದೆ ಹೊರಟ ಜೀವ ಹಸಿವಿನಿಂದ ದಾರಿಯಲ್ಲೇ ಅಲೆಯುತ್ತದೆಂದು ಅವರ ನಂಬಿಕೆ.

ಶಾಮಿಯಾನದ ಕೆಳಗೆ ಕುಳಿತವರು ದನಿಯನ್ನಷ್ಟೇ ತಗ್ಗಿಸಿದ್ದರು, ನಾಲಗೆಯನ್ನಲ್ಲ.

“ಪೈಲಟ್ಟು ಟೇಕಾಫ್ ಆಗ್ಬಿಟ್ಟ ಗುರು.”

“ಎಲ್ಲಿ ಆದ? ಅಪ್ಪ ಸಿಗ್ನಲ್ ಕೊಡ್ತಿಲ್ವಲ್ಲ ಮಗಾ.”

“ಬಾಯ್ ಮುಚ್ರೋ. ಹೆಂಡ್ತಿ ಬರ್ತಾವ್ಳೆ.”

ರಾಧಾಮಣಿ ಅವರನ್ನು ದಾಟಿ ಓಣಿಯ ತುದಿಗೆ ನಡೆದಳು. ಆರ್.ಟಿ. ನಗರದಿಂದ ನೂರುಲ್ಲಾ ಬರಬೇಕಾಗಿತ್ತು. ವೇಣು ಹಾರಿದೆನೆಂದು ಬರೆದಿಟ್ಟ ಗಂಟೆಗಳ ಸತ್ಯ ಬಲ್ಲವನು ಅವನೊಬ್ಬನೇ.

*

ಆರು ವರ್ಷಗಳ ಹಿಂದೆ ವೇಣು ಪೋಖರಾದಿಂದ ಮರಳಿದ್ದನು. ನೇಪಾಳದ ಆ ಊರಿನ ಸರೋವರದ ಮೇಲೆ, ಬಟ್ಟೆಯ ರೆಕ್ಕೆಯ ಅಲ್ಟ್ರಾಲೈಟ್ ವಿಮಾನಗಳಲ್ಲಿ ಪ್ರವಾಸಿಗರನ್ನು ಹಾರಿಸುವ ಸಂಸ್ಥೆಯೊಂದರಲ್ಲಿ ಅವನಿಗೆ ಕೆಲಸವಿತ್ತು. ತಂದಿದ್ದ ಲಾಗ್‌ಬುಕ್ಕಿನ ಪುಟಪುಟದಲ್ಲೂ ಹಾರಿದ ಗಂಟೆಗಳಿದ್ದವು. ಪೈಲಟ್ ಎಂಬ ಅಂಕಣದಲ್ಲೆಲ್ಲ ಅವನದೇ ಹೆಸರು. ಮುನಿಕೃಷ್ಣಪ್ಪನವರು ಆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಅರಳಿಕಟ್ಟೆಯಲ್ಲಿ ಎಲ್ಲರಿಗೂ ತೋರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಅಕ್ಷರ ಬಾರದ ಆ ಮನುಷ್ಯ, ಹಣ್ಣು ತಾಂಬೂಲದ ತಟ್ಟೆಯ ಮೇಲೆ ಲಾಗ್‌ಬುಕ್ಕನ್ನಿಟ್ಟು, ಊರಿನ ಹಿರಿಯರನ್ನು ಕೂಡಿಕೊಂಡು, ಹೆಣ್ಣು ಕೇಳಲು ಹೋಗುವವರ ಗಾಂಭೀರ್ಯದಿಂದ ಹಾರಾಟ ಕಲಿಸುವ ಶಾಲೆಯೊಂದಕ್ಕೆ ಹೋಗಿ, ಮಗನಿಗೆ ಗುರುವಿನ ಸ್ಥಾನ ಕೇಳಿದರು.

ಅಲ್ಲಿಯ ಅಧಿಕಾರಿ ಪೋಖರಾಕ್ಕೆ ಫೋನು ಮಾಡಿ, ತಟ್ಟೆಯನ್ನು ಮೆಲ್ಲನೆ ಅವರತ್ತ ಮರಳಿ ಸರಿಸಿದರು.

“ಯಜಮಾನ್ರೇ, ಈ ಹೆಸ್ರಿನ ಪೈಲಟ್ ಅಲ್ಲಿರ್ಲಿಲ್ವಂತೆ. ಹೆಲ್ಪರ್ ಒಬ್ಬ ಇದ್ನಂತೆ.”

ಆ ಸಂಜೆ ತಂದೆ ಒಂದೇ ಮಾತು ಕೇಳಿದರು: “ಸುಳ್ಳು ಅಂತ ಒಪ್ಕೊ. ಬುಟ್ಬುಡ್ತೀನಿ.”

“ಹಾರಿದ್ದು ನಿಜ ಅಪ್ಪ.”

ಅಂದಿನಿಂದ ಒಂದೇ ಸೂರಿನ ಕೆಳಗಿದ್ದರೂ ಅವರು ಮಗನನ್ನು ಹೆಸರು ಹಿಡಿದು ಕರೆಯಲಿಲ್ಲ. ಉಣ್ಣುವ ಹೊತ್ತಿಗೆ, ಮಗ ಎದುರಿಗೇ ಕುಳಿತಿರುವಾಗ, “ಅವ್ನಿಗೆ ಮುದ್ದೆ ಆಕಮ್ಮ” ಎಂದು ಸೊಸೆಗೆ ಹೇಳುತ್ತಿದ್ದರು.

*

ನೂರುಲ್ಲಾ ಸ್ಕೂಟರ್ ನಿಲ್ಲಿಸುವ ಮೊದಲೇ ರಾಧಾಮಣಿ ಅದರ ಹ್ಯಾಂಡಲ್ ಹಿಡಿದುಕೊಂಡಳು. ಅವನು ಆ ವಿಮಾನಗಳ ಮೆಕ್ಯಾನಿಕ್ ಆಗಿದ್ದವನು. ವೇಣುವನ್ನು ಪೋಖರಾಕ್ಕೆ ಕರೆದೊಯ್ದವನೂ ಅವನೇ.

“ಅಣ್ಣಾ, ಮಾವ ಅಕ್ಕಿ ಹಾಕ್ತಿಲ್ಲ. ಇವ್ರು ಓಡಿಸ್ತಿದ್ರು ಅಂತ ಒಂದ್ ಮಾತು ಹೇಳ್ಬಿಡಿ.”

ನೂರುಲ್ಲಾ ಬೇಡವೆಂಬಂತೆ ಕೈಯೆತ್ತಿದನು.

“ಸುಳ್ಳಾದ್ರೂ ಪರ್ವಾಗಿಲ್ಲ ಅಣ್ಣಾ. ಆ ಪಾಪ ನನಗಿರ್ಲಿ.”

“ಸತ್ತೋರ ಮುಂದೆ, ಮಯ್ಯತ್ ಮುಂದೆ ಸುಳ್ಳು ಹೇಳ್ಸ್ಬೇಡಮ್ಮ. ನನ್ನ ಕೈಲಾಗಲ್ಲ.”

“ಹಂಗಾದ್ರೆ ಇವ್ರನ್ನ ಹಸ್ಕೊಂಡೇ ಕಳಿಸ್ಲಾ?”

ನೂರುಲ್ಲಾ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದನು. ಒಳಗೆ ಬಂದು, ಹೆಣದ ಪಾದ ಮುಟ್ಟಿ, ಮುನಿಕೃಷ್ಣಪ್ಪನವರ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತನು.

“ನೀನ್ ಕಂಡವ್ನು. ನಿಜ ಏಳು. ನನ್ ಮಗ ಇಮಾನ ಓಡಿಸ್ದನಾ?”

“ಇಲ್ಲ ಯಜಮಾನ್ರೇ.”

ರಾಧಾಮಣಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಓಡಿಸ್ಲಿಲ್ಲ. ಆದ್ರೆ ಹಾರ್ದ. ಬರ್ದಿದ್ದ ಗಂಟೆ ಎಲ್ಲ ಮೇಲೇ ಇದ್ದ. ರಿಪೇರಿ ಆದ ಇಂಜಿನ್ ಮೊದ್ಲನೇ ಸಲ ಮೇಲೆ ಹೋಗೋವಾಗ ಹಿಂದಿನ ಸೀಟಲ್ಲಿ ಯಾರೂ ಕೂರಲ್ಲ, ಬಿದ್ರೆ ಬೀಳ್ಬೋದು ಅಂತ. ಒಬ್ಬ ಮನುಷ್ಯನ ತೂಕದಷ್ಟು ಮರಳು ಕಟ್ತಾರೆ. ಇವ್ನು ಮರಳು ಇಳ್ಸಿ, ತಾನು ಹತ್ಕೊಂಡು ಕೂರೋನು. ಪ್ರತಿ ಸಲ.”

“ಅಂಗಾದ್ರೆ ಮರಳ್ ಮೂಟೆ.”

“ಹೌದು. ಮೂಟೆಗೆ ಭಯ ಇರಲ್ಲ ಯಜಮಾನ್ರೇ. ಇವ್ನಿಗಿತ್ತು.”

*

ಪೋಖರಾದಲ್ಲಿ, ಹಿಮದ ಶಿಖರ ಕೆಂಪೇರುವ ಮುಂಚಿನ ಚಳಿಯಲ್ಲಿ ವೇಣು ಬೆಲ್ಟು ಬಿಗಿದುಕೊಳ್ಳುತ್ತಿದ್ದನು. ಹಲ್ಲು ಕಟಕಟಿಸುತ್ತಿತ್ತು, ಚಳಿಗೋ ಭಯಕ್ಕೋ, ನೂರುಲ್ಲಾ ಕೇಳುತ್ತಿರಲಿಲ್ಲ. ಇಂಜಿನ್ ಬಿಚ್ಚಿ ಕಟ್ಟಿದ ಕೈ ತನ್ನದೇ ಆದ್ದರಿಂದ ಅವನು ಒಂದೊಂದು ಬೋಲ್ಟನ್ನೂ ಮತ್ತೆ ಮುಟ್ಟಿ ನೋಡುತ್ತಿದ್ದನು.

“ನೋಡಣ್ಣ, ಈ ಗಂಟೆಗಳೆಲ್ಲ ಸೇರಿ ಒಂದಿನ ನನ್ನನ್ನ ಮುಂದಿನ ಸೀಟಿಗೆ ತರ್ತವೆ.”

“ಹಿಂದಿನ ಸೀಟಿನ ಗಂಟೆ ಯಾರೂ ಎಣ್ಸಲ್ಲ ಕಣೋ.”

“ದೇವ್ರು ಎಣಿಸ್ತಾನೆ ಬಿಡು.”

ಇಳಿದ ಮೇಲೆ ವೇಣು ಲಾಗ್‌ಬುಕ್ಕಿನಲ್ಲಿ ಬರೆಯುತ್ತಿದ್ದನು. ಹಿಂದಿನ ಆಸನದವನಿಗೆಂದು ಆ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ.

*

ಮುನಿಕೃಷ್ಣಪ್ಪನವರ ಅಕ್ಕಿ ಹಿಡಿದ ಮುಷ್ಟಿ ಸಡಿಲಲಿಲ್ಲ. ಅವರ ದೃಷ್ಟಿ ಹೆಣದ ಮೇಲಿತ್ತೋ ಅದರಾಚೆಯ ಗೋಡೆಯ ಮೇಲಿತ್ತೋ ತಿಳಿಯುವಂತಿರಲಿಲ್ಲ. ಶವಸಂಸ್ಕಾರ ನಡೆಸಲು ಬಂದಿದ್ದ ದಾಸಯ್ಯ ಕಾಡಪ್ಪ ಶಂಖವನ್ನು ತುಟಿಯಿಂದ ಇಳಿಸಿ, “ಒತ್ತು ಮುಳುಗ್ತದೆ ಗೌಡ್ರೇ” ಎಂದನು. ಮತ್ತೂ ಅವರು ಅಲುಗದಿದ್ದಾಗ, ರಾಧಾಮಣಿ ಎದ್ದು, ಮನೆತನದ ಕಟ್ಟಳೆಯನ್ನು ಮುರಿದು, ಮೊದಲ ಹಿಡಿಯನ್ನು ತಾನೇ ಗಂಡನ ಬಾಯಿಗೆ ಹಾಕಿದಳು. ಯಾರೂ ತಡೆಯಲಿಲ್ಲ.

ಚಟ್ಟ ಎದ್ದೊಡನೆ ಎಡಕ್ಕೆ ವಾಲಿತು.

“ಒಂದ್ ಕಡೆ ಭಾರ ಎಳೀತಿದೆ ಕಣ್ರೋ!” ಎಂದು ಸುಬ್ರಮಣಿ ಕೂಗಿದನು. ನೂರುಲ್ಲಾ ಯಾರನ್ನೂ ಕೇಳದೆ ತಲೆಯ ಕಡೆಯ ಎಡಬದಿಯ ಬಿದಿರಿಗೆ ಹೆಗಲು ಕೊಟ್ಟನು. ಚಟ್ಟ ಸಮವಾಯಿತು. ತಮಟೆಯ ಹಿಂದೆ, ಪುರಿ ಚೆಲ್ಲಿದ ದಾರಿಯಲ್ಲಿ, ಬಲಗೈಯನ್ನು ಎದೆಗೊತ್ತಿಕೊಂಡು ಮುದುಕರು ನಡೆದರು.

ಪಂಚಭೂತಗಳಲ್ಲಿ ವಾಯುವಿಗೆ ಮನಸೋತವನನ್ನು ಪೃಥ್ವಿಗೆ ಒಪ್ಪಿಸಲಾಯಿತು. ಮಣ್ಣು ಮೊದಲು ಮೊಣಕಾಲನ್ನು, ಆಮೇಲೆ ಎದೆಯನ್ನು, ಕೊನೆಗೆ ಮುಖದ ಮೇಲಿನ ಬಟ್ಟೆಯನ್ನು ಮುಚ್ಚಿತು. ಗುದ್ದಲಿಯವರು ದಿಬ್ಬವನ್ನು ತಟ್ಟಿ ಸಮಮಾಡಿದ ಮೇಲೆ, ಜನರು ತಿರುಗಿ ನೋಡದೆ ಹೊರಡುತ್ತಿದ್ದಾಗ, ಮುನಿಕೃಷ್ಣಪ್ಪನವರು ನೂರುಲ್ಲಾನ ತೋಳು ಹಿಡಿದು ನಿಲ್ಲಿಸಿದರು.

“ವೇಣು ತಲೆ ಯಾವ್ ಕಡೆ ಐತೆ?”

ತಲೆ ದಕ್ಷಿಣಕ್ಕೆ ಎಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಆ ಊರಿನ ಎಷ್ಟೋ ಗುಂಡಿಗಳಿಗೆ ಅಳತೆ ಹಿಡಿದವರು ಅವರೇ. ನೂರುಲ್ಲಾ ಮಂಡಿಯೂರಿ ಹಸಿಮಣ್ಣಿನ ಮೇಲೆ ಅಂಗೈಯಿಟ್ಟನು.

“ಇಲ್ಲಿ, ಯಜಮಾನ್ರೇ. ಬಾಯಿ ಇಲ್ಲಿ ಬರತ್ತೆ.”

ಮುದುಕರು ಕುಳಿತರು. ಮರಗಟ್ಟಿದ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿ, ಅಂಗೈಯನ್ನು ಆ ಜಾಗದ ಮೇಲೆ ಕೆಳಮುಖವಾಗಿ ಹಿಡಿದರು. ಬೆವರಿನಲ್ಲಿ ನೆನೆದ ಅಕ್ಕಿ ಚರ್ಮಕ್ಕೆ ಅಂಟಿಕೊಂಡಿತ್ತು. ಕೊಡವಿದರು. ಮತ್ತೆ ಕೊಡವಿದರು. ಒಂದು ಕಾಳೂ ಬೀಳಲಿಲ್ಲ.